ವಂಶವೃಕ್ಷವೂ ಮದ್ದಿನ ಮರವೂ

ಓಲೆಗರಿಯ ಪ್ರತಿಗಳನ್ನು ಹೋಲಿಸಿ ಪಾಠಾಂತರಗಳನ್ನು ಗುರುತಿಸುವುದರಲ್ಲಿ ನನ್ನ ಅಧ್ಯಾಪನ ಜೀವನದ ಬಹುಭಾಗ ಕಳೆಯಿತು. ಎರಡು ಪ್ರತಿಗಳಲ್ಲಿ ಒಂದೇ ವಿಲಕ್ಷಣವಾದ ತಪ್ಪು ಕಂಡರೆ, ಅವು ಒಂದೇ ಮಾತೃಪ್ರತಿಯಿಂದ ಇಳಿದು ಬಂದಿರಬೇಕೆಂದು ನಾವು ಊಹಿಸುತ್ತೇವೆ. ಹೀಗೆ ಪ್ರತಿಗಳಿಗೂ ಒಂದು ವಂಶವೃಕ್ಷ ಸಿದ್ಧವಾಗುತ್ತದೆ. ಡಾರ್ವಿನ್ನನ 1859ರ ಗ್ರಂಥದಲ್ಲಿದ್ದ ಏಕೈಕ ಚಿತ್ರವೂ ಇಂಥ ಕವಲೊಡೆದ ವೃಕ್ಷದ್ದೇ. ಇಂದಿನ ವಿಜ್ಞಾನಿಗಳು ಓಲೆಯ ಬದಲು ಡಿಎನ್‌ಎಯನ್ನು ಓದುತ್ತಾರೆ. ತಲೆಮಾರಿನಿಂದ ತಲೆಮಾರಿಗೆ ನಕಲಾಗುವಾಗ ಅದರಲ್ಲಿ ಸೇರಿದ ವ್ಯತ್ಯಾಸಗಳಿಂದ ಗಿಡಮರಗಳ ನಂಟನ್ನು ಗುರುತಿಸುತ್ತಾರೆ.

ಈ ನಂಟಿನಿಂದ ಪ್ರಯೋಜನವೇನು? 1962ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಿನಲ್ಲಿ ಆರ್ಥರ್ ಬಾರ್ಕ್ಲೆ ಎಂಬವರು ಪೆಸಿಫಿಕ್ ಯೂ ಮರದ ತೊಗಟೆಯನ್ನು ಸಂಗ್ರಹಿಸಿದರು. ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್‌ಸುಖ್ ವಾನಿ ಅದರಿಂದ ಟ್ಯಾಕ್ಸಾಲನ್ನು ಬೇರ್ಪಡಿಸಿ, 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಮುಂದೆ ಅದು ಕ್ಯಾನ್ಸರಿಗೆ ಮದ್ದಾಯಿತು. ಆದರೆ ತೊಗಟೆ ಸುಲಿದರೆ ಮರ ಸಾಯುತ್ತದೆ. ಆ ಮರವೋ ಬಲು ನಿಧಾನವಾಗಿ ಬೆಳೆಯುವಂಥದು. ಈ ಸಂಕಟದಲ್ಲಿ ನೆರವಾದದ್ದು ನೆಂಟಸ್ತನವೇ. ಫ್ರಾನ್ಸಿನ ಪಿಯರ್ ಪೊಟಿಯೆ ಮತ್ತು ಸಂಗಡಿಗರು ಅದೇ ಕುಲಕ್ಕೆ ಸೇರಿದ ಯುರೋಪಿನ ಯೂ ಮರದ ಎಲೆಗಳಲ್ಲಿದ್ದ ಹತ್ತಿರದ ದ್ರವ್ಯವೊಂದರಿಂದ ಟ್ಯಾಕ್ಸಾಲನ್ನು ತಯಾರಿಸುವ ವಿಧಾನವನ್ನು 1988ರಲ್ಲಿ ಪ್ರಕಟಿಸಿದರು. ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ.

2012ರಲ್ಲಿ ಸಂಶೋಧಕರು ನೇಪಾಳ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕದ ಕೇಪ್ ಪ್ರದೇಶಗಳ ಸಸ್ಯಗಳನ್ನು ವಂಶವೃಕ್ಷದಲ್ಲಿ ಜೋಡಿಸಿ ನೋಡಿದರು. ದೂರದೂರದ ಆ ಜನರು ಒಂದೇ ಬಗೆಯ ರೋಗಗಳಿಗೆ ಪರಸ್ಪರ ನೆಂಟರಾದ ಗಿಡಗಳನ್ನೇ ಬಳಸುತ್ತಿದ್ದುದು ಕಂಡುಬಂದಿತು. ಮದ್ದನ್ನು ಎಲ್ಲಿ ಹುಡುಕಬೇಕೆಂಬುದಕ್ಕೆ ವೃಕ್ಷದ ಕವಲುಗಳೇ ಸೂಚನೆ ಕೊಡಬಲ್ಲವು.

ಆದರೂ ಎಚ್ಚರ ಬೇಕು. ಇಬ್ಬರು ಲಿಪಿಕಾರರು ಒಬ್ಬರನ್ನೊಬ್ಬರು ಕಾಣದೆಯೇ ಒಂದೇ ತಪ್ಪನ್ನು ಮಾಡುವುದುಂಟು. ವಾಲ್ ಮತ್ತು ವಾನಿ 1966ರಲ್ಲಿ ಚೀನದ ಮರವೊಂದರಿಂದ ಕ್ಯಾಂಪ್ಟೊಥೆಸಿನ್ ಎಂಬ ಇನ್ನೊಂದು ದ್ರವ್ಯವನ್ನು ಪಡೆದ ವರದಿ ಮಾಡಿದರು. ಅದನ್ನೇ 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ನಮ್ಮ ಪಶ್ಚಿಮಘಟ್ಟದಲ್ಲಿಯೂ ಬೆಳೆಯುವ ಮ್ಯಾಪಿಯಾ ಎಂಬ ಮರದಲ್ಲಿ ಕಂಡರು. ಈ ಮರಗಳೆರಡೂ ವಂಶವೃಕ್ಷದ ಬೇರೆಬೇರೆ ಕೊಂಬೆಗಳವು, ಹತ್ತಿರದ ನೆಂಟರಲ್ಲ. ಕ್ಯಾನ್ಸರಿನ ಔಷಧಗಳಿಗೆ ಮೂಲವಾದ ಈ ದ್ರವ್ಯವೇ ಘಟ್ಟದ ಮರಕ್ಕೆ ಕುತ್ತಾಗಿ, ಅದು ಕೊಡಲಿಗೆ ತುತ್ತಾಯಿತು.

ಒಂದು ಪ್ರತಿ ನಾಶವಾದರೆ ಅದರ ಸೋದರಪ್ರತಿಯಿಂದ ಪಾಠವನ್ನು ಕೆಲವೊಮ್ಮೆ ಉಳಿಸಿಕೊಳ್ಳಬಹುದು. ಎಲ್ಲ ಪ್ರತಿಗಳಿಗೂ ಗೆದ್ದಲು ಹಿಡಿದ ಮೇಲೆ ಯಾವ ಪಂಡಿತನೂ ಅದನ್ನು ಓದಲಾರ. ಇನ್ನೂ ಯಾರೂ ಓದದ ಮರಗಳು ನಮ್ಮ ಘಟ್ಟದಲ್ಲಿ ನಿಂತಿರುವಾಗಲೇ ಈ ಮಾತನ್ನು ನೆನೆಯುವುದು ಒಳ್ಳೆಯದು.