ದಿನವಹಿಯಲ್ಲಿ ಹಕ್ಕಿ, ಅಣಬೆ



ಇತಿಹಾಸದ ಗೋಷ್ಠಿಗೆ ಒಬ್ಬ ಚಾರ್ಟರ್ಡ್ ಅಕೌಂಟೆಂಟನ್ನು ಯಾಕೆ ಕರೆದರೋ ಎಂದು ಕೆಲವರಿಗಾದರೂ ಅನ್ನಿಸಿರಬಹುದು. ನಾನು ಹೇಳಹೊರಟಿರುವುದು ಲೆಕ್ಕ ಬರೆದಿಟ್ಟವರ ಇತಿಹಾಸ. ನಾವು ಬಂದು ನೆಲೆಸಿರುವ ಈ ಇಂಗ್ಲೆಂಡಿನ ಹಕ್ಕಿ, ಅಣಬೆಗಳ ಲೆಕ್ಕ.

ಹ್ಯಾಂಪ್‌ಶೈರಿನ ಸೆಲ್ಬೋರ್ನ್ ಹಳ್ಳಿಯಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಇದ್ದರು. ಅವರ ಸ್ನೇಹಿತ, ನ್ಯಾಯಾಧೀಶ ಡೇನ್ಸ್ ಬ್ಯಾರಿಂಗ್ಟನ್ ನಿಸರ್ಗದ ದಿನಚರಿಗೆಂದೇ ಅಚ್ಚಿನ ಪುಸ್ತಕ ಮಾಡಿಸಿದ್ದರು. ಗಾಳಿಗೆ, ಮಳೆಗೆ, ಮೊದಲ ಹೂವಿಗೆ, ಬಂದುಹೋಗುವ ಹಕ್ಕಿಗೆ, ಮೊದಲು ಎದ್ದ ಅಣಬೆಗೆ ಅದರಲ್ಲಿ ಅಂಕಣಗಳಿದ್ದವು. ನಮ್ಮ ಲೆಡ್ಜರಿನಂತೆಯೇ! ವೈಟ್ 1768ರಿಂದ 1793ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತುಂಬಿಸಿದರು. ನೋಡಲು ಒಂದೇ ತರಹ ಇರುವ ಮೂರು ಪುಟ್ಟ ಎಲೆಹಕ್ಕಿಗಳು ಬೇರೆಬೇರೆ ಜಾತಿ ಎಂದು ಅವುಗಳ ಹಾಡು ಕೇಳಿಯೇ ಗುರುತಿಸಿದವರು ಅವರು.

1939ರಲ್ಲಿ ಬ್ರಿಟಿಷ್ ಟ್ರಸ್ಟ್ ಫಾರ್ ಆರ್ನಿಥಾಲಜಿ ಗೂಡುಗಳ ಲೆಕ್ಕ ಶುರುಮಾಡಿತು. ಹವ್ಯಾಸಿಗಳು ಗೂಡು ಕಂಡರೆ ಒಂದು ಕಾರ್ಡ್ ಬರೆದು ಕಳಿಸುತ್ತಿದ್ದರು. 1971ರಿಂದ 1995ರವರೆಗಿನ ದಾಖಲೆ ಕೂಡಿ ನೋಡಿದಾಗ, 65 ಜಾತಿಗಳಲ್ಲಿ 20 ಜಾತಿಗಳು ಸರಾಸರಿ 9 ದಿನ ಮೊದಲೇ ಮೊಟ್ಟೆಯಿಡುತ್ತಿರುವುದು 1997ರಲ್ಲಿ ಬೆಳಕಿಗೆ ಬಂತು.

ಅಣಬೆಯ ಕತೆ ಇನ್ನೂ ಸೊಗಸು. ಸಾಲ್ಸ್‌ಬರಿಯ ಸುತ್ತಮುತ್ತ ಎಡ್ವರ್ಡ್ ಗ್ಯಾಂಜ್ ಎಂಬ ಕಲ್ಲುಕುಟಿಗರು 1950ರಿಂದ ಯಾವ ಅಣಬೆ ಎಲ್ಲಿ, ಯಾವ ದಿನ ಎದ್ದಿತೆಂದು ಬರೆಯುತ್ತಾ ಬಂದರು. ನಿವೃತ್ತಿಯ ನಂತರ ಕಂಪ್ಯೂಟರ್ ಕೊಂಡು, ತಾವೇ ಎಕ್ಸೆಲ್ ಕಲಿತು, 52 ಸಾವಿರ ದಾಖಲೆಗಳನ್ನು ತುಂಬಿಸಿದರು. ನಮ್ಮ ವೃತ್ತಿಯವರು ಎದ್ದುನಿಂತು ಕೈಮುಗಿಯಬೇಕು. ಅವರ ಮಗ ಅಲನ್ ಜೀವವಿಜ್ಞಾನಿ. 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ ತಂದೆ, ಮಗ ಇಬ್ಬರ ಹೆಸರೂ ಇದೆ. 315 ಜಾತಿಗಳ ಲೆಕ್ಕದ ಪ್ರಕಾರ, 1950ರ ದಶಕದಲ್ಲಿ ಸರಾಸರಿ 33 ದಿನವಿದ್ದ ಅಣಬೆಯ ಕಾಲ ಸುಮಾರು 75 ದಿನಕ್ಕೆ ಹಿಗ್ಗಿತ್ತು. ಶರತ್ಕಾಲದಲ್ಲಿ ಮಾತ್ರ ಏಳುತ್ತಿದ್ದ ಕೆಲವು ವಸಂತದಲ್ಲೂ ಏಳತೊಡಗಿದ್ದವು.

1950ರಲ್ಲಿ ಪುಸ್ತಕ ತೆರೆದಾಗ ಹವಾಮಾನ ಬದಲಾವಣೆಯ ಮಾತು ಅವರ ಕಿವಿಗೆ ಬಿದ್ದಿರಲಾರದು. ದಿನವಹಿ ಬರೆಯುವವನಿಗೆ ವರ್ಷದ ಕೊನೆಯ ಶಿಲ್ಕು ಗೊತ್ತಿರುವುದಿಲ್ಲ. ಗೊತ್ತಿಲ್ಲದೆ ಬರೆದದ್ದಕ್ಕೇ ಆ ಲೆಕ್ಕಕ್ಕೆ ಬೆಲೆ.

ಈಗ ನಮ್ಮ ಮನೆಯ ಮಾತು. ಹೋದ ಸಲ ಮಲೆನಾಡಿನ ಊರಿಗೆ ಹೋದಾಗ ಅಮ್ಮ, "ಹುತ್ತದ ಅಣಬೆ ಈಗ ಮೊದಲಿನ ಹಾಗೆ ಏಳೋದಿಲ್ಲ ಕಣೋ" ಎಂದರು. "ಯಾವ ವರ್ಷದಿಂದಮ್ಮಾ?" ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಅದನ್ನೆಲ್ಲ ಯಾರು ಬರೆದಿಟ್ಟಿದ್ದಾರೆ?" ಎಂದರು. ಯಾವ ಹುತ್ತ, ಯಾವ ಮಳೆ, ಗುಡುಗಿದ ಎಷ್ಟನೇ ದಿನ ಎಲ್ಲ ಅವರಿಗೆ ಬಾಯಿಪಾಠ. ಆದರೆ ಅವರ ನಂತರ ಆ ಖಾತೆ ಮುಚ್ಚಿಹೋಗುತ್ತದೆ. ಊರವರೆಲ್ಲರ ಲೆಕ್ಕ ಬರೆಯುವ ನಾನು ಅಮ್ಮನ ಲೆಕ್ಕ ಬರೆದಿರಲಿಲ್ಲ.

ಈಗ ಭಾನುವಾರದ ಫೋನಿನಲ್ಲಿ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಮೂರೇ ಅಂಕಣ: ತಾರೀಕು, ಜಾಗ, ಕಂಡದ್ದು. ನೀವೂ ನಿಮ್ಮ ಮನೆಯ ಹಿರಿಯರನ್ನು ಕೇಳಿ, ಬರೆದಿಡಿ. ಕೂಡುವ ಕೆಲಸವನ್ನು ಮುಂದಿನವರು ಮಾಡಿಕೊಳ್ಳುತ್ತಾರೆ.