ಸ್ಕೂಬಾ ತೂಕಗಳು
ಮುಳುಗುಗಾರರ ದೇಹ ಹಾಗೂ ನಿಯೋಪ್ರೀನ್ ಉಡುಪಿನ ತೇಲುವ ಗುಣವನ್ನು ಸರಿದೂಗಿಸುವ ಸೀಸದ ಗಟ್ಟಿಗಳು. ಸೀಸದ ಸಾಂದ್ರತೆ ನೀರಿನ ಸುಮಾರು 11 ಪಟ್ಟು ಇರುವುದರಿಂದ ಚಿಕ್ಕ ಗಟ್ಟಿಯೇ ಸಾಕು. ಇವನ್ನು ಸೊಂಟದ ಬೆಲ್ಟಿಗೆ ಪೋಣಿಸುತ್ತಾರೆ ಅಥವಾ ಗಾಳಿ ತುಂಬುವ ಜಾಕೆಟ್ಟಿನ (ಬಿಸಿಡಿ) ಜೇಬುಗಳಲ್ಲಿ ಇಡುತ್ತಾರೆ. ಮುಂಭಾಗದ ಜೇಬುಗಳು ಹಿಡಿ ಎಳೆದೊಡನೆ ಕಳಚಿಕೊಳ್ಳುವಂತಿರಬೇಕು. ಬೆನ್ನಿನ ಬದಿಯವು ದೇಹವನ್ನು ಅಡ್ಡಲಾಗಿ ಸಮತೋಲದಲ್ಲಿಡಲು. ಅವು ಸಾಮಾನ್ಯವಾಗಿ ಥಟ್ಟನೆ ಕಳಚುವುದಿಲ್ಲ, ಆದ್ದರಿಂದ ಎಲ್ಲ ಭಾರವನ್ನೂ ಅಲ್ಲೇ ತುಂಬಬಾರದು. ಎರಡೂ ಪಕ್ಕಗಳ ತೂಕ ಸಮನಾಗಿರಬೇಕು. ಗಾಳಿ ಖರ್ಚಾದಂತೆ ಸಿಲಿಂಡರ್ ಸುಮಾರು 2 ಕಿಲೋ ಹಗುರಾಗುತ್ತದೆ. ಹೀಗಾಗಿ 50 ಬಾರ್ ಒತ್ತಡ ಉಳಿದಾಗಲೂ 5 ಮೀಟರ್ ಆಳದಲ್ಲಿ ಸ್ಥಿರವಾಗಿ ನಿಲ್ಲಲು ಬೇಕಾದಷ್ಟೇ ತೂಕ ಸರಿಯಾದ ತೂಕ. ಉಪ್ಪುನೀರು ಹೆಚ್ಚು ತೇಲಿಸುವುದರಿಂದ, ಈಜುಕೊಳದಲ್ಲಿ ಕಲಿತವರಿಗೆ ಮುರುಡೇಶ್ವರದ ಬಳಿಯ ನೇತ್ರಾಣಿಯಂಥ ಕಡಲತಾಣದಲ್ಲಿ ಹೆಚ್ಚು ತೂಕ ಬೇಕಾಗುತ್ತದೆ. ನೀರಿಗಿಳಿಯುವ ಮುನ್ನ ಜೊತೆಗಾರರು ಒಬ್ಬರ ಕಳಚುಹಿಡಿಯನ್ನು ಇನ್ನೊಬ್ಬರು ಪರೀಕ್ಷಿಸಬೇಕು.