ಚದುರಿದ ಪ್ರತಿಧ್ವನಿ: ಅಯಾನುಗೋಲ ಸಂಶೋಧನೆಯ ಒಂದು ಅಧ್ಯಾಯ

ಪೆರು ದೇಶದ ಆಂಡೀಸ್ ಪರ್ವತಗಳ ನಡುವೆ, ಮೂರು ಸಾವಿರ ಮೀಟರಿಗೂ ಮಿಕ್ಕ ಎತ್ತರದಲ್ಲಿ, ಹುವಾಂಕಾಯೊ ಎಂಬ ಊರಿದೆ. ವಾಷಿಂಗ್ಟನ್ನಿನ ಕಾರ್ನೆಗೀ ಸಂಸ್ಥೆಯವರು 1922ರಲ್ಲಿ ಅದರ ಸಮೀಪದಲ್ಲಿ ಭೂಕಾಂತ ವೀಕ್ಷಣಾಲಯವೊಂದನ್ನು ತೆರೆದರು. ಭೂಮಿಯ ಕಾಂತಬಲವು ನೆಲಕ್ಕೆ ಸಮಾಂತರವಾಗಿ ನಿಲ್ಲುವ ರೇಖೆಯು, ಎಂದರೆ ಕಾಂತೀಯ ಸಮಭಾಜಕವು, ಅದರ ಹತ್ತಿರದಲ್ಲಿಯೇ ಹಾದುಹೋಗುತ್ತಿತ್ತು. ಭೂಪಟದ ಭೂಮಧ್ಯರೇಖೆ ಬೇರೆ, ಇದು ಬೇರೆ. ಪೆರುವಿನಲ್ಲಿ ಇದು ಅದಕ್ಕಿಂತ ಬಹಳ ದಕ್ಷಿಣಕ್ಕೂ, ಭಾರತದಲ್ಲಿ ಉತ್ತರಕ್ಕೂ ಸರಿದಿದೆ.

ಸೂರ್ಯನ ಅತಿನೇರಳೆ ಕಿರಣಗಳಿಂದ ಮೇಲಣ ವಾಯುವು ಒಡೆದು ವಿದ್ಯುತ್ಕಣಗಳಿಂದ ತುಂಬುವ ಪ್ರದೇಶವೇ ಅಯಾನುಗೋಲ. ಬೇರೆ ಬೇರೆ ಆವೃತ್ತಿಯ ರೇಡಿಯೋ ಮಿಡಿತಗಳನ್ನು ನೆಟ್ಟಗೆ ಮೇಲಕ್ಕೆ ಕಳುಹಿಸಿ, ಪ್ರತಿಧ್ವನಿ ಮರಳಲು ಹಿಡಿಯುವ ಕಾಲದಿಂದ ಪದರಗಳ ಎತ್ತರವನ್ನು ಅಳೆಯುವುದು ಅಂದಿನ ಕ್ರಮ. ಹಗಲಿನಲ್ಲಿ ಸ್ಪಷ್ಟವಾದ ಗೆರೆ ಮೂಡುತ್ತಿತ್ತು. ಹುವಾಂಕಾಯೊದಲ್ಲಿ ಅನೇಕ ರಾತ್ರಿಗಳಂದು ಆ ಗೆರೆ ಹರಡಿ, ಮಸಿ ಚೆಲ್ಲಿದಂತೆ ಆಗಿಬಿಡುತ್ತಿತ್ತು. ಬೂಕರ್ ಮತ್ತು ವೆಲ್ಸ್ ಎಂಬ ಇಬ್ಬರು 1938ರಲ್ಲಿ ಇದನ್ನು ವಿವರಿಸಿ, ಎಫ್ ಪದರದೊಳಗಣ ಸಣ್ಣ ಅಸಮತೆಗಳು ಅಲೆಗಳನ್ನು ಚದುರಿಸುತ್ತವೆಯೆಂದರು. ಆದರೂ ದಿನನಿತ್ಯದ ಅಳತೆಗಾರನಿಗೆ ಅದು ತೊಡಕೇ ಆಗಿತ್ತು. ಅಳತೆ ಕೆಟ್ಟ ಕಡೆ ಕೋಷ್ಟಕದಲ್ಲಿ 'ಎಫ್' ಎಂಬ ಅಕ್ಷರವನ್ನು ಗುರುತಿಸುವ ಪದ್ಧತಿ ಜಗತ್ತಿನಾದ್ಯಂತ ಬಳಕೆಗೆ ಬಂದಿತು. ಇಂದು ನಾವು ಕುತೂಹಲದಿಂದ ಹುಡುಕುವುದು ಆ ಅಕ್ಷರವಿರುವ ಮನೆಗಳನ್ನೇ!

ಕಾರಣದ ಅರಿವು ತಡವಾಗಿ ಬಂದಿತು. ಎಣ್ಣೆಯ ಮೇಲೆ ನೀರನ್ನು ನಿಲ್ಲಿಸಲು ಯಾರಿಂದಲೂ ಆಗದು. ನೀರು ಬೆರಳುಬೆರಳಾಗಿ ಕೆಳಗಿಳಿಯುತ್ತದೆ, ಎಣ್ಣೆ ಗುಳ್ಳೆಯಾಗಿ ಮೇಲೇರುತ್ತದೆ. ಸೂರ್ಯಾಸ್ತವಾದೊಡನೆ ಅಯಾನುಗೋಲದ ಕೆಳಭಾಗದಲ್ಲಿ ವಿದ್ಯುತ್ಕಣಗಳು ಬೇಗ ಕೂಡಿಕೊಂಡು ನಶಿಸುತ್ತವೆ. ಮೇಲಿನ ಎಫ್ ಪದರ ಮಾತ್ರ ದಟ್ಟವಾಗಿಯೇ ಉಳಿಯುತ್ತದೆ. ಅದೇ ಸಂಜೆ ಪೂರ್ವಾಭಿಮುಖವಾದ ವಿದ್ಯುತ್ ಕ್ಷೇತ್ರವೊಂದು ಬಲಗೊಂಡು ಆ ಪದರವನ್ನು ಇನ್ನೂ ಮೇಲಕ್ಕೆತ್ತುತ್ತದೆ. ಅಡ್ಡವಾಗಿ ಹಾಸಿದ ಕಾಂತರೇಖೆಗಳು ಭಾರವಾದ ಪ್ಲಾಸ್ಮಾವನ್ನು ಹಗುರವಾದುದರ ಮೇಲೆ ಹೊತ್ತು ನಿಲ್ಲುತ್ತವೆ. ಈ ನಿಲುವು ಅಸ್ಥಿರವೆಂದು, ರೇಲಿ-ಟೇಲರ್ ತತ್ತ್ವದ ಆಧಾರದ ಮೇಲೆ, ಡಂಜಿ 1956ರಲ್ಲಿಯೇ ಸೂಚಿಸಿದ್ದರು. ಆದರೆ ಆ ತತ್ತ್ವ ಪದರದ ತಳಕ್ಕೆ ಮಾತ್ರ ಅನ್ವಯಿಸುವಂತೆ ಕಂಡಿತು. ಅಸಮತೆಗಳೋ ಪದರದ ನೆತ್ತಿಯ ಮೇಲೂ ಕಾಣಿಸುತ್ತಿದ್ದುವು.

ಈ ಗಂಟು ಬಿಚ್ಚಿದ್ದು ಲಿಮಾ ನಗರದ ಬಳಿಯ ಹಿಕಾಮಾರ್ಕಾ ಎಂಬ ಬರಡು ಕಣಿವೆಯಲ್ಲಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ಸರ್ಕಾರಿ ವಿಜ್ಞಾನಿಗಳು ಅಲ್ಲಿ 18,432 ದ್ವಿಧ್ರುವ ಆಂಟೆನಾಗಳ ರೇಡಾರೊಂದನ್ನು ಹರಡಿದ್ದರು. ಒಂದೊಂದು ಬದಿಯೂ ಸುಮಾರು 300 ಮೀಟರ್. ಶಾಂತವಾದ ಅಯಾನುಗೋಲದ ಅತಿಕ್ಷೀಣ ಪ್ರತಿಧ್ವನಿಯನ್ನು ಹಿಡಿಯುವುದು ಅದರ ಮೊದಲ ಉದ್ದೇಶ. ಅಲ್ಲಿಯೇ 1976ರಲ್ಲಿ ರೊನಾಲ್ಡ್ ವುಡ್‌ಮನ್ ಮತ್ತು ಸೆಸಾರ್ ಲಾ ಹೋಜ್ ರಾತ್ರಿಯ ಪ್ರತಿಧ್ವನಿಗಳನ್ನು ಎತ್ತರ-ಕಾಲಗಳ ಚಿತ್ರವಾಗಿ ಬಿಡಿಸಿ ಪ್ರಕಟಿಸಿದರು. ತಳದಿಂದ ಎದ್ದ ಹೊಗೆಯಂತಹ ಕುಚ್ಚುಗಳು ನೂರಾರು ಕಿಲೋಮೀಟರ್ ಮೇಲೇರಿ ಪದರವನ್ನು ಭೇದಿಸಿ ಹೋಗುತ್ತಿದ್ದುವು. ಗುಳ್ಳೆ ಹುಟ್ಟುವುದು ತಳದಲ್ಲಿ, ಕಾಣಿಸಿಕೊಳ್ಳುವುದು ನೆತ್ತಿಯಲ್ಲಿ. ಇವರಿಬ್ಬರೂ ಪೆರುವಿನವರೇ ಎಂಬುದನ್ನು ಇಂಗ್ಲಿಷ್ ಪುಸ್ತಕಗಳು ಸಾಮಾನ್ಯವಾಗಿ ಒತ್ತಿ ಹೇಳುವುದಿಲ್ಲ. ಯಂತ್ರ ಹೊರಗಿನಿಂದ ಬಂದಿತೆಂಬುದು ನಿಜ. ಆದರೆ ಅದನ್ನು ಪಳಗಿಸಿ ಅದರಿಂದ ಹೊಸ ಮಾತನ್ನು ನುಡಿಸಿದವರಲ್ಲಿ ಆ ನೆಲದ ಮಕ್ಕಳೂ ಇದ್ದರೆಂಬುದು ನಮಗೆ ಹಿರಿದಾಗಿ ತೋರುತ್ತದೆ.

ಭಾರತದಲ್ಲಿಯೂ ಆ ರೇಖೆಯೇ ಸ್ಥಳವನ್ನು ಆರಿಸಿಕೊಟ್ಟಿತು. ತಿರುವನಂತಪುರದ ಬಳಿಯ ತುಂಬಾದಿಂದ 1963ರ ನವೆಂಬರ್ 21ರ ಸಂಜೆ ಏರಿದ ಮೊದಲ ರಾಕೆಟ್ಟು ಆಕಾಶದಲ್ಲಿ ಸೋಡಿಯಂ ಆವಿಯನ್ನು ಚೆಲ್ಲಿತು. ಮುಂದೆ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಸತ್ಯಪ್ರಕಾಶರೂ ಅವರ ಸಹೋದ್ಯೋಗಿಗಳೂ ರಾಕೆಟ್ಟುಗಳಲ್ಲಿ ಶೋಧಕಗಳನ್ನಿಟ್ಟು, ನೂರು ಕಿಲೋಮೀಟರಿನ ಆಸುಪಾಸಿನ ಅಸಮತೆಗಳನ್ನು ಅವುಗಳ ನಡುವೆಯೇ ಹೊಕ್ಕು ಅಳೆದರು. ತಿರುಪತಿಯ ಸಮೀಪದ ಗಾದಂಕಿಯ 53 ಮೆಗಾಹರ್ಟ್ಸ್ ರೇಡಾರು ಆ ಮೇಲಿನದು.

ಕನ್ನಡ ನಾಡಿಗೂ ಇದರ ಎಳೆಯೊಂದು ತಾಗಿದೆ. ಉಪಗ್ರಹಗಳ ನೆರವಿನಿಂದ ವಿಮಾನಗಳಿಗೆ ದಾರಿ ತೋರುವ 'ಗಗನ್' ವ್ಯವಸ್ಥೆಯ ನಿಯಂತ್ರಣ ಕೇಂದ್ರವಿರುವುದು ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಸಂಜೆಯ ಗುಳ್ಳೆಗಳನ್ನು ಹಾದು ಬರುವ ಉಪಗ್ರಹ ಸಂಕೇತಗಳು ನಕ್ಷತ್ರಗಳಂತೆ ಮಿನುಗಿ, ಒಮ್ಮೊಮ್ಮೆ ಕೈತಪ್ಪುತ್ತವೆ. ಯಾವ ಋತುವಿನಲ್ಲಿ ಇವು ಹೆಚ್ಚೆಂದು ಹೇಳಬಹುದು. ಇಂಥ ಸಂಜೆ ಏಳುತ್ತವೆ, ಮರುಸಂಜೆ ಏಳುವುದಿಲ್ಲವೆಂದು ಮುಂಚಿತವಾಗಿ ಖಚಿತಪಡಿಸಲು ಇನ್ನೂ ಸಾಧ್ಯವಾಗಿಲ್ಲ.